ದೋಣಿ ಎಂಜಿನ್ನಿನ ರಬ್ಬರ್ ಇಂಪೆಲ್ಲರ್ ಬದಲಾಯಿಸುವ ಕ್ರಮ



ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. 10 ಅಶ್ವಶಕ್ತಿಯವರೆಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ವಿನಾಯಿತಿಯುಂಟು. ಹೀಗಾಗಿ ಕಡಲು ಅತಿ ಪ್ರಕ್ಷುಬ್ಧವಾಗಿರುವ ದಿನಗಳಲ್ಲೇ ಈ ಸಣ್ಣ ಎಂಜಿನ್ನುಗಳು ಅಳಿವೆ ದಾಟಬೇಕಾಗುತ್ತದೆ. ಅಳಿವೆಯ ಬಾಯಲ್ಲಿ ಎಂಜಿನ್ ನಿಂತರೆ ದೋಣಿ ಅಲೆಗೆ ಅಡ್ಡ ತಿರುಗಿ ಮಗುಚುವ ಭಯವಿದೆ. ಹಾಗೆ ನಿಲ್ಲಲು ಅಂಗೈಯಲ್ಲಿ ಅಡಗುವ ಒಂದು ರಬ್ಬರ್ ಚಕ್ರ ಕೆಟ್ಟರೂ ಸಾಕು.

ತೋಟದ ಪಂಪ್‌ಸೆಟ್ಟನ್ನು ಬಲ್ಲವರಿಗೆ ಇಂಪೆಲ್ಲರ್ ಹೊಸದಲ್ಲ. ಆದರೆ ಅಲ್ಲಿ ಅದು ಗಟ್ಟಿಯಾಗಿದ್ದು ಕವಚವನ್ನು ಮುಟ್ಟದೆ ತಿರುಗುತ್ತದೆ. ದೋಣಿ ಎಂಜಿನ್ನಿನಲ್ಲಿ ರಬ್ಬರಿನ ಎಲೆಗಳು ಕವಚಕ್ಕೆ ಒತ್ತಿ, ಬಾಗಿ, ನೀರನ್ನು ಮೇಲಕ್ಕೆ ತಳ್ಳುತ್ತವೆ. ಉಜ್ಜಾಟ ತಗ್ಗಿಸಲು ಅವಕ್ಕೆ ನೀರೇ ಎಣ್ಣೆಯಿದ್ದಂತೆ. ದಡದಲ್ಲಿ ನೀರಿಲ್ಲದೆ "ಸ್ವಲ್ಪ ಓಡಿಸಿ ನೋಡೋಣ" ಎಂದರೆ ಎಲೆಗಳು ಸುಟ್ಟವೆಂದೇ ತಿಳಿಯಿರಿ. ಅಳಿವೆಯ ಮರಳು ಅವನ್ನು ಸವೆಸುತ್ತದೆ. ಬಹುಕಾಲ ಓಡಿಸದೆ ಇಟ್ಟರೆ ಬಾಗಿದ ಎಲೆ ಬಾಗಿದಂತೆಯೇ ಗಟ್ಟಿಯಾಗುತ್ತದೆ.

ಎಂಜಿನ್ ಓಡುವಾಗ ಹಿಂಬದಿಯ ಸಣ್ಣ ರಂಧ್ರದಿಂದ ಚಿಮ್ಮುವ ನೀರಿನ ಧಾರೆಯೇ ಪಂಪಿನ ನಾಡಿ. ಧಾರೆ ಸೊರಗಿದರೆ ಎಂಜಿನ್ ನಿಲ್ಲಿಸಿ, ಮೊದಲು ರಂಧ್ರಕ್ಕೆ ತೆಳು ತಂತಿ ಹಾಕಿ ನೋಡಿ; ಎಷ್ಟೋ ಸಲ ಉಪ್ಪು, ಕೆಸರು ಕಟ್ಟಿರುವುದಷ್ಟೇ ಕಾರಣ. ಆಗಲೂ ಸರಿಹೋಗದಿದ್ದರೆ ಪಂಪು ಬಿಚ್ಚಬೇಕು.

ಸ್ಪಾರ್ಕ್ ಪ್ಲಗ್ಗಿನ ತಂತಿ ಕಳಚಿದ ನಂತರವೇ ಕೆಲಸಕ್ಕೆ ಕೈಹಾಕಿ. ಗೇರ್ ಬದಲಿಸುವ ಸರಳಿನ ಜೋಡಣೆ ಬಿಡಿಸಿ, ಕೆಳಗಿನ ಗೇರ್ ಪೆಟ್ಟಿಗೆಯ ಬೋಲ್ಟುಗಳನ್ನು ತೆಗೆದು, ಪೆಟ್ಟಿಗೆಯನ್ನು ನೇರವಾಗಿ ಕೆಳಕ್ಕೆ ಎಳೆಯಿರಿ. ಉಪ್ಪುನೀರಿಗೆ ಕಚ್ಚಿಕೊಂಡ ಬೋಲ್ಟನ್ನು ಬಲವಂತದಿಂದ ತಿರುಗಿಸಿದರೆ ತಲೆ ಮುರಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಯುವುದು ಲೇಸು. ಪೆಟ್ಟಿಗೆಯ ಮೇಲ್ಭಾಗದಲ್ಲೇ ಪಂಪಿನ ಕವಚವಿದೆ. ಅದನ್ನು ಬಿಚ್ಚಿ ಇಂಪೆಲ್ಲರನ್ನು ಶಾಫ್ಟಿನ ಮೇಲಿಂದ ಎತ್ತಿ. ಶಾಫ್ಟಿಗೆ ಅದನ್ನು ಹಿಡಿಸುವ ಪುಟ್ಟ ಕೀಲಿ ಮರಳಿಗೆ ಬಿದ್ದರೆ ಮತ್ತೆ ಸಿಗುವುದಿಲ್ಲ. ಕೆಳಗೊಂದು ಬಟ್ಟೆ ಹಾಸಿರಿ.

ಹಳೆಯದರಲ್ಲಿ ಎಲೆಯ ತುಂಡು ಮುರಿದಿದ್ದರೆ ಅದನ್ನು ಹುಡುಕಲೇಬೇಕು. ಅನೇಕರು ಹೊಸದನ್ನು ಹಾಕಿ ಕೈತೊಳೆದುಕೊಳ್ಳುತ್ತಾರೆ. ಆದರೆ ಆ ತುಂಡು ಮೇಲಿನ ನೀರಿನ ಕೊಳವೆಯಲ್ಲಿ ಸಿಕ್ಕಿಕೊಂಡಿದ್ದರೆ ಹೊಸ ಪಂಪಿನ ನೀರೂ ಮೇಲೇರದು, ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕವಚದ ಒಳಮೈ ಅಥವಾ ಅಡಿಯ ತಗಡು ಗೀರು ಬಿದ್ದು ಆಳವಾಗಿ ಸವೆದಿದ್ದರೆ ಅವನ್ನೂ ಬದಲಾಯಿಸಿ. ಗ್ಯಾಸ್ಕೆಟ್ ಹೊಸದೇ ಇರಲಿ.

ಹೊಸ ಎಲೆಗಳಿಗೆ ಸೋಪಿನ ನೀರು ಸವರಿ. ಎಂಜಿನ್ ಎಣ್ಣೆ ರಬ್ಬರಿಗೆ ಆಗದು. ಶಾಫ್ಟನ್ನು ಅದು ಓಡುವ ದಿಕ್ಕಿಗೇ ತಿರುಗಿಸುತ್ತ ಕವಚವನ್ನು ಕೆಳಕ್ಕೆ ಒತ್ತಿದರೆ ಎಲೆಗಳು ಸರಿಯಾಗಿ ಬಾಗಿ ಕೂರುತ್ತವೆ. ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಇದು ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕು. ನಿಮ್ಮ ಎಂಜಿನ್ನಿನ ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ. ಪೆಟ್ಟಿಗೆ ಏರಿಸುವಾಗ ನೀರಿನ ಕೊಳವೆ ತನ್ನ ರಂಧ್ರಕ್ಕೆ ಸೇರಿದೆಯೇ ಎಂದು ನೋಡಿ, ಗೇರ್ ಸರಳನ್ನು ಜೋಡಿಸಿ, ಮುಂದೆ, ಹಿಂದೆ, ತಟಸ್ಥ ಮೂರನ್ನೂ ಕೈಯಿಂದಲೇ ಪರೀಕ್ಷಿಸಿ.

ನಂತರ ಪಂಪು ಮುಳುಗುವಷ್ಟು ಸಿಹಿನೀರು ತುಂಬಿದ ಡ್ರಮ್ಮಿನಲ್ಲಿ, ತಟಸ್ಥ ಗೇರಿನಲ್ಲಿ ನಿಧಾನವಾಗಿ ಓಡಿಸಿ. ಧಾರೆ ಬೇಗನೆ ಕಾಣಿಸಿಕೊಳ್ಳಬೇಕು; ಬಾರದಿದ್ದರೆ ಕೂಡಲೇ ನಿಲ್ಲಿಸಿ. ಈ ತಪಾಸಣೆಯನ್ನು ವರ್ಷಕ್ಕೊಮ್ಮೆ, ಮೇ ತಿಂಗಳು ಮುಗಿಯುವ ಮೊದಲೇ ಮಾಡಿಕೊಳ್ಳಿ. ಬಿಡಿ ಇಂಪೆಲ್ಲರ್ ಕೊಳ್ಳುವಾಗ ಹಳೆಯದನ್ನೂ ಎಂಜಿನ್ನಿನ ಮಾದರಿ ಸಂಖ್ಯೆಯನ್ನೂ ಅಂಗಡಿಗೆ ಒಯ್ಯಿರಿ.