ಹಳೆಯ ಸಾಮಾನು ಮತ್ತು ದಾನದ ಮಾತು

(ಉತ್ಸವದ ಎರಡನೆಯ ದಿನ ಸಂಜೆಯ ಸಭೆಯಲ್ಲಿ ಧರ್ಮದರ್ಶಿಗಳೊಬ್ಬರು ಆಡಿದ ಮಾತು)



ಎಸ್.ಎಸ್.ಎಲ್.ಸಿ.ವರೆಗೆ ಓದಿ ಪಾತ್ರೆ ಅಂಗಡಿಯ ಗಲ್ಲೆಯ ಮೇಲೆ ಕುಳಿತವನು ನಾನು. ವೇದಾಂತ ಹೇಳಲು ಪಂಡಿತರಿದ್ದಾರೆ, ನನಗೆ ತಿಳಿದಿರುವುದು ತಕ್ಕಡಿ. ಆದ್ದರಿಂದ ಸಾಮಾನಿನ ವಿಷಯವನ್ನೇ ಆಡುತ್ತೇನೆ.

ಇನ್ನು ಕೆಲವೇ ವಾರಗಳಲ್ಲಿ ಮಹಾನವಮಿ. ನಮ್ಮ ಸೀಮೆಯಲ್ಲಿ ಮಹಾನವಮಿ ಬಂತೆಂದರೆ ಮನೆಯ ಸಾಮಾನೆಲ್ಲ ಅಂಗಳಕ್ಕೆ ಬರುತ್ತದೆ. ಗೋಡೆಗೆ ಸುಣ್ಣ, ಹಾಸಿಗೆ ಕೌದಿಗಳು ಹೊಳೆಗೆ, ನಾಗಂದಿಗೆಯ ಪಾತ್ರೆಗೆ ಹುಣಸೆಹಣ್ಣು. ತೊಳೆದು ಒರೆಸಿದ ಮೇಲೆ ಎಲ್ಲವನ್ನೂ ಮತ್ತೆ ಅದೇ ಜಾಗಕ್ಕೆ ಏರಿಸುತ್ತೇವೆ. ವರ್ಷವಿಡೀ ಯಾರ ಕೈಗೂ ಬಾರದ ಹಂಡೆ ವರ್ಷಕ್ಕೊಮ್ಮೆ ಸ್ನಾನ ಮಾಡಿ ಅಟ್ಟ ಸೇರುತ್ತದೆ. ಮನೆಯಲ್ಲಿ ಜಾಗ ಸಾಲದಾದಾಗ ನೆನಪಾಗುವುದು ದೇವಸ್ಥಾನ.

ನಮ್ಮ ಉಗ್ರಾಣವನ್ನು ಒಮ್ಮೆ ಬಂದು ನೋಡಿರಿ. ಭಕ್ತರು ಕೊಟ್ಟ ಗೋಡೆ ಗಡಿಯಾರಗಳು ಹನ್ನೊಂದು ಇವೆ, ಅವುಗಳಲ್ಲಿ ನಡೆಯುವುದು ಎರಡು. ತಳ ಸೋರುವ ಕೊಡ, ಕಾಲು ಮುರಿದ ಕುರ್ಚಿ, ಹಿಡಿ ಇಲ್ಲದ ಆರತಿ ತಟ್ಟೆ. ಹೊರಗೆ ಅರಳೀಮರದ ಕಟ್ಟೆಯ ಮೇಲೆ ಗಾಜು ಒಡೆದ ದೇವರ ಪಟಗಳು. ಮನೆಯಲ್ಲಿ ಐವತ್ತು ವರ್ಷ ಊದಿನಕಡ್ಡಿ ಕಂಡ ಪಟ ಅಲ್ಲಿ ಮಳೆಯಲ್ಲಿ ನೆನೆಯುತ್ತದೆ, ಅದರ ಗಾಜು ಪ್ರದಕ್ಷಿಣೆ ಹಾಕುವವರ ಕಾಲಿಗೆ ಚುಚ್ಚುತ್ತದೆ. ಕಟ್ಟು ಬಿಚ್ಚಿ, ಗಾಜನ್ನೂ ಚೌಕಟ್ಟನ್ನೂ ಗುಜರಿಗೆ ಕೊಟ್ಟು, ಕಾಗದವನ್ನು ಶುದ್ಧವಾದ ಮಣ್ಣಿನಲ್ಲಿ ಹೂಳಿದರೆ ಯಾವ ದೋಷವೂ ಬರುವುದಿಲ್ಲ. ಮಣ್ಣಿನ ಮೂರ್ತಿಯಾದರೆ ಮನೆಯ ಬಕೀಟಿನಲ್ಲಿಯೇ ಕರಗಿಸಿ ಗಿಡಕ್ಕೆ ಹಾಕಿರಿ.

ಕಠೋಪನಿಷತ್ತಿನ ನಚಿಕೇತನ ಕಥೆಯನ್ನು ನೀವೆಲ್ಲ ಹರಿಕಥೆಯಲ್ಲಿ ಕೇಳಿದ್ದೀರಿ. ಅವನ ತಂದೆ ಸರ್ವಸ್ವವನ್ನೂ ದಾನ ಮಾಡುವ ಯಾಗ ಹಿಡಿದು, ಕೊಟ್ಟದ್ದು ಎಂಥ ಹಸುಗಳನ್ನು? ಕುಡಿಯುವ ನೀರು ಕುಡಿದು ಮುಗಿಸಿದವು, ತಿನ್ನುವ ಹುಲ್ಲು ತಿಂದು ಮುಗಿಸಿದವು, ಹಾಲು ಬತ್ತಿದವು. ಅದನ್ನು ನೋಡಿ ಹುಡುಗನ ಮನಸ್ಸಿಗೆ ಕಸಿವಿಸಿಯಾಯಿತು. ಕಥೆ ಮುಂದೆ ಯಮನ ಮನೆಯವರೆಗೆ ಹೋಗುತ್ತದೆ. ಆದರೆ ನನ್ನಂಥ ವ್ಯಾಪಾರಸ್ಥನಿಗೆ ಆ ಮೊದಲನೆಯ ಭಾಗವೇ ಸಾಕು. ನಮ್ಮ ಉಗ್ರಾಣದ ಗಡಿಯಾರಗಳೂ ಆ ಹಸುಗಳೇ.

ದೇವರಿಗಷ್ಟೇ ಅಲ್ಲ, ಕಷ್ಟದಲ್ಲಿರುವವರಿಗೂ ಹೀಗೆಯೇ ಕೊಡುತ್ತೇವೆ. 2004ರ ಡಿಸೆಂಬರಿನಲ್ಲಿ ಸುನಾಮಿ ಬಂದಾಗ ತಮಿಳುನಾಡಿನ ನಾಗಪಟ್ಟಣದ ಕಡೆಗೆ ದೇಶದ ಮೂಲೆ ಮೂಲೆಯಿಂದ ಹಳೆ ಬಟ್ಟೆ ಲಾರಿಗಟ್ಟಲೆ ಹೋಯಿತು. ಮನೆ ಕಳೆದುಕೊಂಡ ಮೀನುಗಾರರು ಅದರಲ್ಲಿ ಬಹಳಷ್ಟನ್ನು ಮುಟ್ಟಲಿಲ್ಲ. ರಾಶಿ ರಾಶಿಯಾಗಿ ರಸ್ತೆಯ ಬದಿಗೆ ಬಿತ್ತು. ಅವರೂ ಮಾನವಂತರು. ಹರಿದದ್ದನ್ನು ಉಡಲು ಅವರಿಗೇನು ಹರಕೆಯೆ? ದೆಹಲಿಯ ಗೂಂಜ್ ಎಂಬ ಸಂಸ್ಥೆಯವರು ಅಲ್ಲಿ ಬಿದ್ದಿದ್ದ ಬಟ್ಟೆಯನ್ನು ಆರಿಸಿ, ವಿಂಗಡಿಸಿ, ಉಪಯೋಗಕ್ಕೆ ತರಲು ಬಹಳ ಶ್ರಮಪಟ್ಟರು. ಆ ವಿಂಗಡಣೆ ಕೊಡುವವನ ಮನೆಯಲ್ಲಿಯೇ ಆಗಿದ್ದರೆ ಲಾರಿ ಬಾಡಿಗೆಯಾದರೂ ಉಳಿಯುತ್ತಿತ್ತು.

ನಮ್ಮ ಹೊಳೆಯ ಮಾತೂ ಅದೇ. 2016ರ ಆಗಸ್ಟಿನಲ್ಲಿ ಕೃಷ್ಣಾ ಪುಷ್ಕರ, 2020ರಲ್ಲಿ ಅಲಂಪುರದ ಕಡೆ ತುಂಗಭದ್ರಾ ಪುಷ್ಕರ. ಸ್ನಾನ ಮಾಡಿ ಉಟ್ಟ ಬಟ್ಟೆಯನ್ನು ನೀರಿಗೆ ಬಿಟ್ಟು ಬರುವುದು ಪುಣ್ಯವೆಂದು ಯಾರು ಹೇಳಿಕೊಟ್ಟರೋ ಕಾಣೆ. 2028ರಲ್ಲಿ ಕೃಷ್ಣೆಗೆ ಮತ್ತೆ ಪುಷ್ಕರ ಬರುತ್ತದೆ. ಆ ಬಟ್ಟೆಯನ್ನು ಹಿಂಡಿ ಮನೆಗೆ ತಂದರೆ ಕೌದಿಗಾದರೂ ಆದೀತು. ಕೌದಿ ಹೊಲಿಯುತ್ತಿದ್ದ ನಮ್ಮ ಅಜ್ಜಿಯರಿಗೆ ಹರಿದ ಸೀರೆ ಎಂದೂ ಕಸವಾಗಿರಲಿಲ್ಲ.

ಇನ್ನು ಉಡಿ ತುಂಬುವ ಖಣ. ತಾಯಂದಿರು ನಗುತ್ತಿದ್ದೀರಿ, ಅಂದರೆ ನಿಮಗೆ ಗೊತ್ತಿದೆ! ಒಂದು ಖಣ ಮಡಿಕೆ ಬಿಚ್ಚದೆ ಹತ್ತು ಮನೆ ತಿರುಗಿ ತವರಿಗೇ ಬರುತ್ತದೆ. ಯಾರೂ ಹೊಲಿಸಿಕೊಳ್ಳದ ಬಟ್ಟೆಯನ್ನು ಕೊಡುವ ಬದಲು ಒಂದು ತೆಂಗಿನಕಾಯಿ ಹೆಚ್ಚು ಕೊಡಿರಿ.

ಎಲ್ಲವನ್ನೂ ದಾನವೇ ಮಾಡಬೇಕೆಂದಿಲ್ಲ, ಮಾರುವುದೂ ತಪ್ಪಲ್ಲ. ತಿಳಿಯದೆ ಮಾರುವುದು ಮಾತ್ರ ನಷ್ಟ. ಹಳೆ ಪಾತ್ರೆ ಮಾರುವಾಗ ಕಂಚನ್ನೂ ಹಿತ್ತಾಳೆಯನ್ನೂ ಬೇರೆ ಮಾಡಿರಿ. ಹಿತ್ತಾಳೆ ಎಂದರೆ ತಾಮ್ರಕ್ಕೆ ಸತುವು ಕೂಡಿಸಿದ್ದು. ಕಂಚಿಗೆ ಕೂಡಿಸುವುದು ತವರ. ಒಳ್ಳೆಯ ಗಂಟೆಯ ಕಂಚಿನಲ್ಲಿ ನೂರಕ್ಕೆ 78 ಪಾಲು ತಾಮ್ರ, 22 ಪಾಲು ತವರ ಇರುತ್ತದೆ. ತವರ ಸತುವಿಗಿಂತ ಬಹಳ ತುಟ್ಟಿ. ಅಜ್ಜ ಉಣ್ಣುತ್ತಿದ್ದ ಕಂಚಿನ ಗಂಗಾಳವನ್ನು ಬಾಗಿಲಿಗೆ ಬಂದವನು ಹಿತ್ತಾಳೆಯ ದರದಲ್ಲಿ ತೂಗಿಕೊಂಡು ಹೋಗುತ್ತಾನೆ. ಬೆರಳಿನಿಂದ ತಟ್ಟಿ ನೋಡಿರಿ, ಕಂಚಿನ ನಾದ ಬಹಳ ಹೊತ್ತು ನಿಲ್ಲುತ್ತದೆ. ಮೂರು ಅಂಗಡಿಯ ದರ ಕೇಳಿರಿ, ನನ್ನದು ಅದರಲ್ಲಿ ಒಂದಾಗಿರಲಿ, ಅಷ್ಟೆ.

ಗದ್ವಾಲ ಸೀರೆಯ ಒಡಲು ಹತ್ತಿಯದು, ಅಂಚು ಸೆರಗು ರೇಷ್ಮೆಯದು. ಒಡಲು ಜೀರ್ಣವಾದರೂ ಅಂಚು ಗಟ್ಟಿಯಾಗಿಯೇ ಇರುತ್ತದೆ, ಬಿಚ್ಚಿ ಬೇರೆ ಬಟ್ಟೆಗೆ ಹಚ್ಚಬಹುದು. ಅಜ್ಜಿಯ ಕಾಲದ ಸೀರೆಯ ಜರಿಯನ್ನು ಉಗುರಿನಿಂದ ಕೆರೆದಾಗ ಒಳಗೆ ಕೆಂಪು ರೇಷ್ಮೆ ಎಳೆ ಕಂಡರೆ ಅದು ಬೆಳ್ಳಿಯ ಜರಿಯಾಗಿರುವ ಸಂಭವ ಹೆಚ್ಚು. ಅಂಥದ್ದನ್ನು ಒಂದು ಸ್ಟೀಲ್ ಡಬ್ಬಿಗೆ ಕೊಟ್ಟುಬಿಡಬೇಡಿ.

ಟ್ರಂಕಿನ ತಳದ ಕಾಗದಗಳ ಮೇಲೂ ಕಣ್ಣಿರಲಿ. 1956ರವರೆಗೆ ಗದ್ವಾಲ, ಅಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ನಿಜಾಮರ ಕಾಲದ ಜಮೀನಿನ ಕಾಗದಗಳು ಉರ್ದುವಿನಲ್ಲಿವೆ. ಈಗಿನ ಹುಡುಗರಿಗೆ ಓದಲು ಬಾರದೆಂದು ರದ್ದಿಗೆ ಹಾಕಿದರೆ ನಾಳೆ ಕಚೇರಿಗೆ ಅಲೆಯುವವರೂ ಅವರೇ. ಮೊದಲು ಓದಬಲ್ಲ ಹಿರಿಯರಿಗೆ ತೋರಿಸಿರಿ. ಕನ್ನಡ ಪುಸ್ತಕಗಳನ್ನಂತೂ ಕಿಲೋ ಲೆಕ್ಕದಲ್ಲಿ ಕೊಡಲೇಬೇಡಿ. ಕೃಷ್ಣಾ ಮಂಡಲದಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ತೆಲುಗು ನಾಡಿನಲ್ಲಿ ಕನ್ನಡ ಕಲಿಯುವ ಆ ಮಕ್ಕಳಿಗೆ ಪಠ್ಯದ ಹೊರಗಿನ ಒಂದು ಕಥೆ ಪುಸ್ತಕ ಸಿಗುವುದೇ ಕಷ್ಟ. ನಿಮ್ಮ ಮಕ್ಕಳು ಹೈದರಾಬಾದಿಗೆ, ಬೆಂಗಳೂರಿಗೆ ಹೋದ ಮೇಲೆ ಕಪಾಟಿನಲ್ಲಿ ಉಳಿದ ಪುಸ್ತಕಗಳು ಅಲ್ಲಿಗೆ ಹೋಗಲಿ.

ಸಮಿತಿಯವರು ಹೀಗೆ ನಿರ್ಧರಿಸಿದ್ದೇವೆ. ಮಹಾಲಯ ಅಮಾವಾಸ್ಯೆಯ ಹಿಂದಿನ ಭಾನುವಾರ ದೇವಸ್ಥಾನದ ಅಂಗಳದಲ್ಲಿ ಮೂರು ಕಡೆ ಜಮಖಾನೆ ಹಾಸುತ್ತೇವೆ. ಒಂದರ ಮೇಲೆ ಒಗೆದು ಮಡಿಚಿದ ಬಟ್ಟೆ, ಇನ್ನೊಂದರ ಮೇಲೆ ಪುಸ್ತಕ, ಮೂರನೆಯದರ ಮೇಲೆ ಪಾತ್ರೆ. ಅನ್ನಸಂತರ್ಪಣೆಗೆ ಒದಗುವ ದೊಡ್ಡ ಪರಾತ, ತಪೇಲಿಗಳನ್ನು ದೇವಸ್ಥಾನ ಇಟ್ಟುಕೊಳ್ಳುತ್ತದೆ. ಉಳಿದ ಪಾತ್ರೆಗಳನ್ನು ಎಲ್ಲರೆದುರು ಸವಾಲು ಹಾಕಿ, ಬಂದ ಹಣವನ್ನು ಪುಸ್ತಕ ಸಾಗಿಸಲು ಮತ್ತು ಅಡಿಗೆಮನೆಯ ಪಾತ್ರೆಗಳಿಗೆ ಕಲಾಯಿ ಹಾಕಿಸಲು ಬಳಸುತ್ತೇವೆ. ಪಾತ್ರೆ ವ್ಯಾಪಾರಿಯಾದ ನಾನು ಅಂದು ಸವಾಲು ಕೂಗುವುದಿಲ್ಲ, ಒಂದು ಚರಿಗೆಯನ್ನೂ ಕೊಳ್ಳುವುದಿಲ್ಲ. ತಕ್ಕಡಿ ಮಾತ್ರ ನನ್ನದು. ತೂಕ ನಿಮ್ಮ ಕಣ್ಣೆದುರಿಗೇ ಆಗುತ್ತದೆ, ರಸೀದಿ ಬರೆಸಿಕೊಂಡೇ ಹೋಗಿರಿ.