ಬಾಳೆಯ ಕಂದು, ಎಮ್ಮೆಯ ಕಂದು



ಮಲೆಬೆನ್ನೂರಿನ ಪಶು ಆಸ್ಪತ್ರೆಯ ಗೋಡೆಗೆ ಅಂಟಿಸಿದ ‘ಕಂದು ರೋಗ’ದ ಭಿತ್ತಿಪತ್ರವನ್ನು ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಅದನ್ನು ಓದಿದ ಹುಡುಗನೊಬ್ಬ ನನ್ನನ್ನು ಕೇಳಿದ: ‘ಈ ರೋಗ ಬಂದ್ರೆ ದನದ ಮೈ ಕಂದು ಬಣ್ಣಕ್ಕೆ ತಿರುಗುತ್ತಾ ಸಾರ್?’ ರೈತನ ಮಗ ಕೇಳಿದ ಪ್ರಶ್ನೆ ಇದು. ಅವತ್ತಿನಿಂದ ನನಗೆ ಸಮಾಧಾನವಿಲ್ಲ. ಇವತ್ತು ಈ ಒಂದೇ ಪದದ ಬಗ್ಗೆ ಮಾತಾಡುತ್ತೇನೆ.

ಕಂದು ರೋಗ ಅಂದರೆ ಬ್ರುಸೆಲ್ಲೋಸಿಸ್. ಗಬ್ಬದ ಕೊನೆಯ ತಿಂಗಳುಗಳಲ್ಲಿ ಹಸು, ಎಮ್ಮೆ ಕಂದು ಹಾಕಿಬಿಡುತ್ತವೆ, ಅಂದರೆ ದಿನ ತುಂಬದ ಮರಿ ಬಿದ್ದುಹೋಗುತ್ತದೆ. ಹೆಣ್ಣುಗರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಒಂದು ಸಲ ಲಸಿಕೆ ಹಾಕಿಸಬೇಕು. ಬಿದ್ದ ಕಂದನ್ನು ಬರಿಗೈಯಲ್ಲಿ ಮುಟ್ಟಬಾರದು, ರೋಗ ಮನುಷ್ಯರಿಗೂ ಬರುತ್ತದೆ. ದನದ ಬಣ್ಣಕ್ಕೂ ಈ ರೋಗಕ್ಕೂ ಸಂಬಂಧವಿಲ್ಲ.

ಹಾಗಾದರೆ ಈ ಕಂದು ಏನು? ಹುಟ್ಟದ ಕೂಸಿಗೆ ಕನ್ನಡದಲ್ಲಿ ಏನನ್ನುತ್ತೇವೆ? ಭ್ರೂಣ ಅಂತ ತಟ್ಟನೆ ಹೇಳುತ್ತೀರಿ. ಲಿಂಗಪತ್ತೆ ತಡೆಯುವ 1994ರ ಕಾಯ್ದೆ ಬಂದಮೇಲೆ ಸ್ಕ್ಯಾನಿಂಗ್ ಸೆಂಟರಿನ ಬೋರ್ಡುಗಳಲ್ಲಿ ಓದಿ ಓದಿ ಕಲಿತ ಮಾತು ಅದು. ‘ಹತ್ಯೆ’, ‘ಲಿಂಗಪತ್ತೆ’ ಜೊತೆಗಿಲ್ಲದೆ ನಮ್ಮ ಬಾಯಿಗೆ ಬರುವುದೇ ಅಪರೂಪ. ಸಂಸ್ಕೃತದ ಧಾತುಪಾಠ ಭ್ರೂಣ್ ಎಂಬ ಧಾತುವಿಗೆ ಆಸೆ, ಶಂಕೆ ಎರಡನ್ನೂ ಅರ್ಥವಾಗಿ ಕೊಟ್ಟಿದೆ. ಬಸುರಿಯ ಮನೆಯಲ್ಲಿ ದಿನ ಎಣಿಸಿದವರಿಗೆ ಅದರ ನಿಜ ಗೊತ್ತು. ಆದರೂ ಅದು ನಮ್ಮ ಅಡುಗೆಮನೆಯ ಮಾತಲ್ಲ.

ನಮ್ಮ ಮಾತುಗಳನ್ನು ಸ್ವಲ್ಪ ಬಿಡಿಸಿ ನೋಡಿ. ಬಸಿರು ಅಂದರೆ ಮೂಲದಲ್ಲಿ ಹೊಟ್ಟೆ. ತಮಿಳಿನ ವಯಿಱು ಅದರ ಒಡಹುಟ್ಟು. ಭದ್ರಾ ನಾಲೆಯ ನೀರು ಕುಡಿದು ಭತ್ತದ ತೆಂಡೆ ಉಬ್ಬಿದಾಗ ‘ಹೊಡೆ ತುಂಬಿತು’ ಅನ್ನುತ್ತೇವೆ. ಅದೂ ಹಳಗನ್ನಡದ ಪೊಡೆ, ಅಂದರೆ ಹೊಟ್ಟೆ. ನಮ್ಮೂರಿನ ಉರ್ದು ಮನೆಗಳಲ್ಲಿ ‘ಪೇಟ್ ಸೇ ಹೈ’ ಅನ್ನುತ್ತಾರೆ, ಅಲ್ಲೂ ಹೊಟ್ಟೆಯೇ. ಎಲ್ಲರೂ ಮನೆಯ ಹೆಸರು ಹೇಳಿದರು, ಒಳಗಿರುವವರ ಹೆಸರು ಹೇಳಲಿಲ್ಲ. ಒಳಗಿರುವ ಜೀವವನ್ನೇ ಕರೆಯುವ ಅಚ್ಚಗನ್ನಡದ ಪದ ನನಗೆ ಸಿಕ್ಕಿದ್ದು ಒಂದೇ: ಕಂದು.

ಇದನ್ನು ನಾನು ಮೊದಲು ಹೇಳಿದ್ದು ಹರಿಹರದಲ್ಲಿ ನಮಗೆ ಹಳಗನ್ನಡ ಕಲಿಸಿದ ಮೇಷ್ಟ್ರ ಮುಂದೆ. ಸೋಮವಾರ ಬಂದರೆ ಪ್ರತಿ ಹುಡುಗನೂ ತನ್ನ ಊರಿನದೊಂದು ಪದವನ್ನು ಚೀಟಿಯಲ್ಲಿ ಬರೆದು ತರಬೇಕಿತ್ತು. ಆ ವಾರ ನಮ್ಮ ಕೊಟ್ಟಿಗೆಯಲ್ಲಿ ಎಮ್ಮೆ ಕಂದು ಹಾಕಿತ್ತು. ಅವ್ವ ಬಾಗಿಲಲ್ಲೇ ಕೂತು ‘ಎಮ್ಮಿ ಕಂದು ಹಾಕೈತಿ’ ಅಂದದ್ದಷ್ಟೇ, ಆಮೇಲೆ ಮಾತಿಲ್ಲ. ನಾನು ಆ ಪದವನ್ನೇ ಬರೆದು ಒಯ್ದೆ, ಪಕ್ಕದಲ್ಲಿ ‘ಕಂದ’ ಎಂದೂ ಸೇರಿಸಿದ್ದೆ. ಮೇಷ್ಟ್ರು ‘ಕಂದ’ವನ್ನು ಹೊಡೆದುಹಾಕಿದರು. ‘ಮುಖ ಕಂದಿತು, ಹೂ ಕಂದಿತು. ಬಾಡಿ ಬಿದ್ದದ್ದು ಕಂದು. ಮಗುವಿನ ಹತ್ತಿರ ಹೋಗಬೇಡ’ ಅಂದರು. ಅವರು ಅಷ್ಟು ಮೃದು ಮನುಷ್ಯರು, ಅವತ್ತು ಯಾಕೆ ಅಷ್ಟು ಬಿಗಿಯಾಗಿದ್ದರೋ.

ನನ್ನ ವಾದ ಇಷ್ಟು. ದಿನ ತುಂಬಿ ಈದರೆ ‘ಎಮ್ಮೆ ಕರು ಹಾಕಿತು’ ಅನ್ನುತ್ತೇವೆ. ದಿನ ತುಂಬದಿದ್ದರೆ ‘ಕಂದು ಹಾಕಿತು’. ವಾಕ್ಯ ಅದೇ, ಕರು ಕೂತ ಜಾಗದಲ್ಲಿ ಕಂದು ಕೂತಿದೆ. ಅಲ್ಲಿ ಮರಿಯ ಹೆಸರಲ್ಲದೆ ಇನ್ನೇನು ಕೂರಲು ಸಾಧ್ಯ? ತೋಟಕ್ಕೆ ಹೋಗಿ: ತಾಯಿ ಬಾಳೆಯ ಬುಡದಲ್ಲಿ ಏಳುವ ಮರಿಗೂ ಕಂದು ಅಂತಲೇ ಹೆಸರು. ಮಲಯಾಳದಲ್ಲಿ ಬಾಳೆಯ ಮರಿಗೂ ಎಮ್ಮೆಯ ಮರಿಗೂ ಕನ್ನ್ ಎನ್ನುತ್ತಾರೆ. ತಮಿಳಿನಲ್ಲಿ ಕನ್ಱು ಅಂದರೆ ಕರು, ಸಸಿ ಎರಡೂ. ತಮಿಳಿನ ಪನ್ಱಿ ನಮ್ಮಲ್ಲಿ ಹಂದಿ, ಒನ್ಱು ನಮ್ಮಲ್ಲಿ ಒಂದು. ಹಾಗೆಯೇ ಕನ್ಱು ನಮ್ಮಲ್ಲಿ ಕಂದು. ಬರೋ ಮತ್ತು ಎಮಿನೋ ಅವರ ದ್ರಾವಿಡ ಪದಕೋಶ, 1961ರಲ್ಲಿ ಮೊದಲು ಬಂದದ್ದು, ಬಹಳ ತಡವಾಗಿ ನನ್ನ ಕೈಗೆ ಸಿಕ್ಕಿತು. ಅದರಲ್ಲಿ ಈ ಪದಗಳನ್ನು ಕಂಡು ಗೆದ್ದೆ ಅಂದುಕೊಂಡೆ.

ಗೆದ್ದಿರಲಿಲ್ಲ. ತಮಿಳಿನಲ್ಲಿ ಇನ್ನೊಂದು ಕನ್ಱು ಇದೆ, ಕ್ರಿಯಾಪದ. ಬಿಸಿಲಿಗೆ ಸುಟ್ಟು ಕಪ್ಪಾಗುವುದು, ಬಾಡುವುದು. ಮೇಷ್ಟ್ರ ಕಂದು ಕೂಡ ಅದೇ ದಾರಿಯಲ್ಲಿ ಬಂದಿದೆ! ಧ್ವನಿಯ ನಿಯಮ ಇಬ್ಬರಿಗೂ ಸಾಕ್ಷಿ ಹೇಳಿ ಸುಮ್ಮನಾಯಿತು.

ಮೇಷ್ಟ್ರು ಇನ್ನೊಂದು ಮಾತು ಕೇಳಿದ್ದರು, ಅದಕ್ಕೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ: ‘ಕಂದು ಮರಿಯ ಹೆಸರಾದರೆ, ಸತ್ತು ಬಿದ್ದಾಗ ಮಾತ್ರ ಯಾಕಪ್ಪಾ ಕರೀತೀರಿ?’ ಬಾಳೆಯ ಕಂದು ಚಿಗುರಿ ನಿಲ್ಲುತ್ತದೆ, ಎಮ್ಮೆಯ ಕಂದು ಮಣ್ಣಿಗೆ ಹೋಗುತ್ತದೆ. ಬದುಕಿದ್ದಕ್ಕೆ ಕರು ಎಂದು ಕರೆದು, ಹಳೆಯ ಹೆಸರನ್ನು ಉಳಿಯದ ಮರಿಗೆ ಬಿಟ್ಟುಕೊಟ್ಟೆವೆ? ಅಥವಾ ಬಾಡುವ ಕಂದು ಬಂದು ಮರಿಯ ಕಂದಿನ ಮೇಲೆ ಕೂತುಬಿಟ್ಟಿತೆ? ತೊಟ್ಟಿಲಲ್ಲಿ ನನ್ನನ್ನು ಕಂದಾ ಎಂದು ಕರೆದ ಅವ್ವನಿಗೆ ಅವತ್ತು ಬಾಗಿಲಲ್ಲಿ ಕೂತಾಗ ಅದೇ ಪದ ಕೇಳಿಸಿತ್ತೆ? ಅವಳಿದ್ದಾಗ ನಾನು ಕೇಳಲಿಲ್ಲ.

ನಿಮ್ಮಲ್ಲಿ ಎಮ್ಮೆ ಕಟ್ಟಿದವರಿದ್ದೀರಿ, ಸುತ್ತಲ ಹಳ್ಳಿಗಳಿಂದ ಬಂದವರಿದ್ದೀರಿ. ಮರಿ ಇನ್ನೂ ಹೊಟ್ಟೆಯೊಳಗೆ ಜೀವಂತವಾಗಿ ಅಲುಗಾಡುತ್ತಿರುವಾಗಲೇ ಅದನ್ನು ಕಂದು ಎಂದು ಕರೆದ ಅಜ್ಜಿಯೋ ಅಜ್ಜನೋ ನಿಮ್ಮ ಕೇರಿಯಲ್ಲಿ ಯಾರಾದರೂ ಇದ್ದಾರೆಯೆ? ಒಬ್ಬರಿದ್ದರೂ ಸಾಕು, ನಾಳೆಯೇ ಬಂದು ಕಾಣುತ್ತೇನೆ.