ತಾಮ್ರ, ಹಿತ್ತಾಳೆ ಮತ್ತು ಜಲಜನಕ

ವಿದ್ಯುತ್ತಿನಿಂದ ನಿಕ್ಕಲ್, ಸತು ಇಲ್ಲವೆ ಕ್ರೋಮಿಯಂ ಲೇಪ ಕೊಡುವಾಗ ವಸ್ತುವನ್ನು ಋಣಧ್ರುವಕ್ಕೆ ಸೇರಿಸಿ ದ್ರಾವಣದಲ್ಲಿ ಇಳಿಬಿಡುತ್ತಾರೆ. ಲೇಪ ಕೂರುತ್ತಿದ್ದಂತೆ ಒಂದಿಷ್ಟು ಜಲಜನಕವೂ ಹುಟ್ಟುತ್ತದೆ. ಬಹುಪಾಲು ಗುಳ್ಳೆಯಾಗಿ ಹೋಗುತ್ತದೆ. ಉಳಿದದ್ದು ಲೋಹದೊಳಗೆ ಇಳಿಯುತ್ತದೆ. ಸ್ಪ್ರಿಂಗು, ಬೋಲ್ಟುಗಳ ಗಡುಸು ಉಕ್ಕಿಗೆ ಇದು ಅಪಾಯ. ಎಳೆತ ಹೆಚ್ಚಿದ ಕಡೆ ಜಲಜನಕ ಸೇರಿ, ಬಳಕೆಗೆ ಬಂದ ಕೆಲವು ಗಂಟೆ ಅಥವಾ ದಿನಗಳ ಬಳಿಕ ಉಕ್ಕು ಪಟ್ಟನೆ ಮುರಿಯಬಹುದು. ಆಮ್ಲದಲ್ಲಿ ಅದ್ದಿದ ಕಬ್ಬಿಣ ಹೀಗೆ ಪೆಡಸಾಗುವುದನ್ನು ವಿಲಿಯಂ ಜಾನ್ಸನ್ 1875ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಮಾಡಿದರು. ಲೇಪವಾದ ಕೂಡಲೇ ಸುಮಾರು 190ರಿಂದ 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಕಾಯಿಸುವುದು ಇದಕ್ಕೆ ಪರಿಹಾರ.

ತಾಮ್ರ, ಹಿತ್ತಾಳೆ, ಕಂಚುಗಳ ಸ್ಥಿತಿ ಬೇರೆ. ಲೇಪದ ತೊಟ್ಟಿಯ ಶಾಖದಲ್ಲಿ ಅವುಗಳಲ್ಲಿ ಜಲಜನಕ ಕರಗುವುದು ಅತ್ಯಲ್ಪ; ಅವು ಉಕ್ಕಿನಂತೆ ಪೆಡಸಾಗುವುದಿಲ್ಲ. ಹಾಗಾಗಿ ಜಲಜನಕ ಹೊರಹಾಕಲೆಂದು ಅವನ್ನು ಕಾಯಿಸಬೇಕಾಗಿಲ್ಲ. ಹಿತ್ತಾಳೆಯ ಭಾಗಕ್ಕೆ ಗಡುಸು ಉಕ್ಕಿನ ಸ್ಪ್ರಿಂಗು ಜೋಡಿಸಿದ್ದರೆ ಮಾತ್ರ ಉಕ್ಕಿನ ನಿಯಮವೇ ಅನ್ವಯಿಸುತ್ತದೆ.

ಜಲಜನಕ ತಾಮ್ರವನ್ನು ಕೆಡಿಸುವುದು ಬೆಂಕಿಯ ಮುಂದೆ. ವಿದ್ಯುತ್ ತಂತಿಯ ಸಾಮಾನ್ಯ ತಾಮ್ರದಲ್ಲಿ ಶೇಕಡಾ 0.02ರಿಂದ 0.05ರಷ್ಟು ಆಮ್ಲಜನಕ ಆಕ್ಸೈಡ್ ರೂಪದಲ್ಲಿರುತ್ತದೆ. ಜಲಜನಕವಿರುವ ಜ್ವಾಲೆಯಲ್ಲಿ ಸುಮಾರು 400 ಡಿಗ್ರಿ ದಾಟಿ ಕಾಯಿಸಿದರೆ, ಒಳಹೊಕ್ಕ ಜಲಜನಕ ಆ ಆಮ್ಲಜನಕದೊಡನೆ ಕೂಡಿ ಹಬೆಯಾಗುತ್ತದೆ. ಹೊರಬರಲಾಗದ ಹಬೆ ತಾಮ್ರದ ಕಣಗಳ ಅಂಚುಗಳನ್ನೇ ಸೀಳುತ್ತದೆ. ಇದನ್ನು ತಡೆಯಲೆಂದೇ ಫ್ರಿಜ್ಜಿನ ಕೊಳವೆಗಳಿಗೆ ರಂಜಕ ಬೆರೆಸಿ ಆಮ್ಲಜನಕ ತೆಗೆದ ತಾಮ್ರ ಬಳಸುತ್ತಾರೆ. ಗ್ಯಾಸ್ ಬೆಸುಗೆಯಲ್ಲೂ ಅದು ಸೀಳುವುದಿಲ್ಲ.

ಹಿತ್ತಾಳೆಯ ಶತ್ರು ಜಲಜನಕವಲ್ಲ, ಅಮೋನಿಯ. ಬ್ರಿಟಿಷ್ ಕಾಲದ ಭಾರತದಲ್ಲಿ, ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇರಿಸಿದ ಗುಂಡುಗಳ ಹಿತ್ತಾಳೆ ಕವಚಗಳು ಬಿರುಕು ಬಿಡುತ್ತಿದ್ದವು. ಮೂತ್ರದಿಂದ ಹೊಮ್ಮಿದ ಅಮೋನಿಯ, ತೇವ ಮತ್ತು ಕವಚವನ್ನು ಒತ್ತಿ ರೂಪಿಸಿದಾಗ ಉಳಿದ ಒಳಬಿಗಿತ ಇವು ಮೂರೂ ಸೇರಿದ್ದೇ ಕಾರಣ ಎಂದು 1921ರಲ್ಲಿ ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್ ವಿವರಿಸಿದರು. ಸತು ಶೇಕಡಾ 15ಕ್ಕಿಂತ ಹೆಚ್ಚಿರುವ ಹಿತ್ತಾಳೆಗೆ ಈ ಭಯ ಹೆಚ್ಚು. ಲೇಪದಲ್ಲಿ ಸೂಕ್ಷ್ಮ ರಂಧ್ರಗಳಿದ್ದರೆ ಅಮೋನಿಯ ಅವುಗಳ ಮೂಲಕವೂ ಒಳಗಿನ ಹಿತ್ತಾಳೆಗೆ ತಲುಪುತ್ತದೆ. ಆದ್ದರಿಂದ ಬಿಗಿತವಿರುವ ಭಾಗಗಳನ್ನು ಲೇಪಕ್ಕೆ ಮೊದಲೇ 250ರಿಂದ 300 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ ಕಾಯಿಸಿ ಆ ಬಿಗಿತವನ್ನು ಸಡಿಲಿಸಬೇಕು.

ಮುದನಾಳ, ಶಹಾಪುರ, ಸುರಪುರದ ಸುತ್ತಿನ ಕೃಷಿಕರಿಗೂ ಇದು ಸಲ್ಲುವ ಮಾತು. ತೇವ ತಗುಲಿದ ಯೂರಿಯಾ, ಕೊಟ್ಟಿಗೆಯ ಗಂಜಲ ಎರಡೂ ಅಮೋನಿಯ ಕೊಡುತ್ತವೆ. ಪಂಪಿನ ಹಿತ್ತಾಳೆ ವಾಲ್ವುಗಳನ್ನೂ ಬಿಡಿಭಾಗಗಳನ್ನೂ ಇವುಗಳಿಂದ ದೂರ, ಒಣ ಜಾಗದಲ್ಲಿ ಇರಿಸಬೇಕು.